ಬಿಂದಿಗೆಯ ಜೊತೆ ಹೋದ ಪಾಳಿ

ನಲ್ಲಿಯಲ್ಲಿ ನೀರು ಬೆಳಿಗ್ಗೆ ಐದರಿಂದ ಆರರವರೆಗೆ ಮಾತ್ರ ಬರುತ್ತಿದ್ದ ಕಾಲವದು. ಎಪ್ಪತ್ತರ ದಶಕ ಆಗಷ್ಟೇ ಶುರುವಾಗಿತ್ತು. ಮುಂಬಯಿಯ ಸಯನ್ನಿನ ನಮ್ಮ ಚಾಳಿನ ಎರಡನೇ ಮಾಳಿಗೆಯಲ್ಲಿ ಇಪ್ಪತ್ತೆರಡು ಒಂಟಿಕೋಣೆಯ ಖೋಲಿಗಳಿಗೆ ಒಂದೇ ನಲ್ಲಿ. ಅಂಥ ಚಾಳಿನಲ್ಲಿ ಬೆಳೆದವರಿಗೆ ಸೀಮೆಎಣ್ಣೆ ಸ್ಟೋವಿನ ವಾಸನೆ, ಒಬ್ಬರ ಮನೆಯ ಬೊಂಬಿಲ್ ಮೀನು ಇನ್ನೊಬ್ಬರ ಮನೆಯ ಊದಿನಕಡ್ಡಿಯ ಜೊತೆ ಬೆರೆತು ಬರುವ ವಾಸನೆ ನೆನಪಿದ್ದೇ ಇರುತ್ತದೆ. ನಲ್ಲಿಯ ಸಾಲಿನಲ್ಲಿ ಮನುಷ್ಯರಿಗಿಂತ ಮೊದಲು ಪಾತ್ರೆಗಳು ನಿಲ್ಲುತ್ತಿದ್ದುದೂ ನೆನಪಿರಬಹುದು.

ನಮ್ಮ ಪಾಳಿ ಮೂರನೆಯದು. ಅದನ್ನು ಹಿಡಿದಿಟ್ಟಿದ್ದು ಅವ್ವ ಧಾರವಾಡದ ತವರಿನಿಂದ ತಂದಿದ್ದ ತಾಮ್ರದ ಬಿಂದಿಗೆ. ಅದರ ಕತ್ತಿನ ಕೆಳಗೆ ಚುಕ್ಕಿ ಚುಕ್ಕಿಯಾಗಿ ‘ನೀಲವ್ವ’ ಎಂದು ಕೊರೆಸಿತ್ತು. ಚಾಳಿನಲ್ಲಿ ಒಂದು ಕಟ್ಟಳೆಯಿತ್ತು. ಪಾಳಿ ಪಾತ್ರೆಯದು, ಮನೆಯದಲ್ಲ. ಯಾರಾದರೂ ಖೋಲಿ ಬಿಟ್ಟು ಹೋಗುವಾಗ ತಮಗೆ ಬೇಕಾದವರ ಕೈಗೆ ಸಾಲಿನ ಪಾತ್ರೆಯನ್ನು ಕೊಟ್ಟರೆ ಪಾಳಿಯನ್ನೂ ಕೊಟ್ಟಂತೆ. ಇದು ಗೊತ್ತಿಲ್ಲದವರು ಇಡೀ ಮಾಳಿಗೆಯಲ್ಲಿ ಅಪ್ಪ ಒಬ್ಬರೇ ಇರಬೇಕು. ಅವರು ಒಂದು ದಿನವೂ ನೀರಿಗೆ ನಿಂತವರಲ್ಲ.

ಆ ಬಿಂದಿಗೆ ಕೈಬಿಟ್ಟು ಹೋದ ಸಂಗತಿಯನ್ನು ನನ್ನ ದಿನಚರಿಗಳಲ್ಲಿ ಮೂರು ಸಲ ಬರೆದಿದ್ದೇನೆ. ಮೂರೂ ಬೇರೆ ಬೇರೆಯಾಗಿವೆ. ಹಾಗಾಗಿ ಇದನ್ನು ನಾಲ್ಕನೆಯದು ಎಂದು ಓದಿಕೊಳ್ಳಿ.

ಅಪ್ಪ ಫೋರ್ಟಿನ ಒಂದು ಕಂಪನಿಯಲ್ಲಿ ಕಾರಕೂನ. ಅವರ ಜೊತೆ ಕೆಲಸ ಮಾಡುತ್ತಿದ್ದ ಒಬ್ಬಂಟಿಯೊಬ್ಬರು ತೀರಿಕೊಂಡಾಗ ಅವರ ಖೋಲಿ ಖಾಲಿ ಮಾಡಲು ನಾಲ್ಕು ಜನ ಹೋಗಿದ್ದರು. ಸಾಮಾನು ತೆಗೆಯುವುದಕ್ಕೇ ಮೂರು ದಿನ ಹಿಡಿಯಿತಂತೆ. ವಾಪಸು ಬಂದ ಅಪ್ಪ ಕೈಕಾಲು ತೊಳೆಯದೆ ಗೋಡೆಗೆ ಒರಗಿ ಕುಳಿತು ನಮ್ಮ ಸಾಮಾನುಗಳನ್ನೆಲ್ಲ ಒಂದೊಂದಾಗಿ ನೋಡಿದರು. “ಈ ಖೋಲ್ಯಾಗ ನಾವ್ ಇಲ್ಲ ನೀಲಾ, ಸಾಮಾನ ಅದಾವ. ನಾವ್ ಅವಕ್ಕ ಕಾವಲು” ಎಂದರು.

ಆಮೇಲೆ ಅವನ್ನು ಒಂದೊಂದಾಗಿ ಬೇರೆಯವರಿಗೆ ಕೊಟ್ಟುಬಿಡತೊಡಗಿದರು. ಮೊದಲು ಮಂಚ ಹೋಯಿತು. ಅಂದಿನ ಖುಷಿಯನ್ನು ನಾನು ಅಲ್ಲಗಳೆಯಲಾರೆ. ನಾನೂ ತಮ್ಮ ರಾಜುವೂ ಖಾಲಿ ನೆಲದ ಮೇಲೆ ಗೋಡೆಯಿಂದ ಗೋಡೆಗೆ ಉರುಳಿದೆವು. ಸೀಮೆಸುಣ್ಣದಲ್ಲಿ ದೊಡ್ಡ ಚೌಕಾಬಾರ ಬರೆದು, ಹುಣಸೆಬೀಜ ಎಸೆದು ಆಡಿದೆವು. ಕಿಟಕಿಯ ಗಾಳಿ ಮೊದಲ ಬಾರಿಗೆ ಬಾಗಿಲಿನವರೆಗೆ ಬಂತು. ಆಮೇಲೆ ಮೇಜು, ರೇಡಿಯೊ, ಗೋಡೆಗಡಿಯಾರ ಹೋದವು. ಆಗ ಶುರುವಾಯಿತು ಕಿರಿಕಿರಿ. ಗಂಟೆ ಎಷ್ಟೆಂದು ಕೇಳಲು ಪಕ್ಕದ ಖೋಲಿಗೆ ಓಡಬೇಕು. ನೆಂಟರು ಬಂದರೆ ಹಾಸಿಗೆ ಕೇಳಿ ತರಬೇಕು. ಅಪ್ಪ ಹಗುರಾಗುತ್ತ ಹೋದರು, ಓಡಾಟವೆಲ್ಲ ನನ್ನ ಪಾಲಿಗೆ ಬಂತು.

ಅವ್ವ ಬೊರಿವಲಿಯ ತಂಗಿಯ ಮನೆಗೆ ಹೋಗಿದ್ದ ಒಂದು ಭಾನುವಾರ ಅಪ್ಪ ಬಿಂದಿಗೆಯನ್ನು ಎತ್ತಿದರು. ಗ್ಯಾಲರಿಯ ಕೊನೆಯ ಖೋಲಿಗೆ ಆಗಷ್ಟೇ ಬಂದಿದ್ದ ಹಸೀನಾ ಖಾಲಾಗೆ ನಾಲ್ಕು ಮಕ್ಕಳು. ವಿಜಾಪುರ ಕಡೆಯವರು. ಗಂಡ ಧಾರಾವಿಯಲ್ಲಿ ಚರ್ಮದ ಕೆಲಸ ಮಾಡುತ್ತಿದ್ದರು. ನೀರು ತುಂಬಲು ಅವರ ಹತ್ತಿರ ಎರಡು ಎಣ್ಣೆ ಡಬ್ಬಗಳಷ್ಟೇ ಇದ್ದವು.

“ಸುಮಿ, ಇದನ್ನ ಅವರಿಗೆ ಕೊಟ್ಟು ಬಾ. ನಮಗ ಬಕೀಟು ಸಾಕು.”

ಪಾಳಿ ಹೋಗುತ್ತದೆ ಎಂದು ನಾನು ಅಪ್ಪನಿಗೆ ಹೇಳಿದೆನೇ? ಮೊದಲೆರಡು ದಿನಚರಿಗಳಲ್ಲಿ ಹೇಳಿದೆನೆಂದೇ ಬರೆದಿದ್ದೇನೆ. ರಾಜು ನಗುತ್ತಾನೆ. “ಅಕ್ಕಾ, ನೀ ಏನೂ ಅನ್ನಲಿಲ್ಲ. ಕುಣಕೋತ ಒಯ್ದಿ” ಎನ್ನುತ್ತಾನೆ. ಅವನು ಹೇಳುವುದೇ ನಿಜವಿರಬಹುದು. ದಿನವೂ ಸೊಂಟ ನೋಯುವಂತೆ ಆ ಬಿಂದಿಗೆ ಹೊರುತ್ತಿದ್ದವಳು ನಾನು. ಅದೊಂದು ತೊಲಗಿದರೆ ಸಾಕು ಎನಿಸಿರಬೇಕು.

ಮರುದಿನ ನಸುಕಿನಲ್ಲಿ ಮೂರನೆಯ ಜಾಗದಲ್ಲಿ ಬಿಂದಿಗೆಯಿತ್ತು. ಅದರ ಹಿಂದೆ ಹಸೀನಾ ಖಾಲಾ ನಿಂತಿದ್ದರು. ನಾನು ಬಕೀಟು ಹಿಡಿದು ಅಲ್ಲಿಗೇ ನುಗ್ಗಿದೆ. ಸಾಲಿನ ಯಜಮಾನಿಕೆ ನಡೆಸುತ್ತಿದ್ದ ಸಾವಂತಬಾಯಿ ನನ್ನ ಜಡೆ ಹಿಡಿದು ನಿಲ್ಲಿಸಿದರು.

“ತೇರೇ ಬಾಪ್ ನೇ ನಂಬರ್ ದೇ ದಿಯಾ ನಾ? ಅಬ್ ಪೀಛೇ ಜಾ. ಬಡೇ ಆಯೇ ದಾನಶೂರ ಕರ್ಣ.”

ನಿಮ್ಮಪ್ಪ ಪಾಳಿ ಕೊಟ್ಟಾಯಿತಲ್ಲ, ಹಿಂದೆ ಹೋಗು ಎಂದ ಈ ಮಾತಿಗೆ ಹೆಂಗಸರೆಲ್ಲ ನಕ್ಕರು. ನಾನು ಇಪ್ಪತ್ತೆರಡನೆಯವಳಾದೆ. ನನ್ನ ಬಕೀಟು ತಲುಪುವ ಹೊತ್ತಿಗೆ ನಲ್ಲಿ ಬರೀ ಗಾಳಿ ಬಿಡುತ್ತಿತ್ತು. ಕೆಳಗೆ, ಇನ್ನೂ ಸ್ವಲ್ಪ ಹೊತ್ತು ಸಣ್ಣಗೆ ಸುರಿಯುತ್ತಿದ್ದ ಅಂಗಳದ ನಲ್ಲಿಗೆ ಹೋಗಿ, ಎರಡು ಮಾಳಿಗೆ ನೀರು ಹೊತ್ತು, ಶಾಲೆಗೆ ಓಡಿದೆ. ನಾನಾಗ ಏಳನೆಯ ಇಯತ್ತೆ. ಸ್ಕಾಲರ್‌ಶಿಪ್ ಪರೀಕ್ಷೆಗೆಂದು ಆರಿಸಿದ ಆರು ಮಕ್ಕಳಲ್ಲಿ ಒಬ್ಬಳು. ಆ ತರಗತಿ ಆರೂವರೆಗೆ. ಮೂರು ಸಲ ತಡವಾದರೆ ಹೆಸರು ತೆಗೆಯುತ್ತೇನೆ ಎಂದು ಗುರುಗಳು ಮೊದಲೇ ಹೇಳಿದ್ದರು. ಅಂದು ಒಂದಾಯಿತು, ಮರುದಿನ ಎರಡು.

ಅವ್ವ ಮೊದಲ ದಿನ ಬಿಂದಿಗೆಯಿದ್ದ ಜಾಗವನ್ನು ಒರೆಸಿ ಅಲ್ಲಿ ಬಕೀಟು ಇಟ್ಟಳು. ಎರಡನೆಯ ಸಂಜೆ “ಹೋಗು, ಕೇಳಿ ತಗೊಂಡು ಬಾ. ತವರಿಂದು, ನನಗ ನಮ್ಮವ್ವ ಕೊಟ್ಟದ್ದು ಅನ್ನು” ಎಂದಳು.

ಹಸೀನಾ ಖಾಲಾ ಕೂಸನ್ನು ಸೊಂಟದಲ್ಲಿ ಎತ್ತಿಕೊಂಡು ಕೇಳಿಸಿಕೊಂಡರು. “ಲೇ ಜಾ ಬೇಟಿ, ಒಯ್ಯಿ. ನಾ ಏನು ಬೇಡಿ ತಗೊಂಡಿಲ್ಲ. ನಿಮ್ಮ ಅಬ್ಬಾ ಕಳಿಸಿದ್ರು” ಎಂದು ಒಂದೇ ಕೈಯಲ್ಲಿ ಬಿಂದಿಗೆ ಬಗ್ಗಿಸಿದರು. ನೀರನ್ನು ಪಾತೇಲಿಗೆ, ತಾಟಿಗೆ, ಚಹಾದ ಕಪ್ಪುಗಳಿಗೆ ಸುರಿದರು. ಮಕ್ಕಳು ಒಂದೊಂದೇ ಪಾತ್ರೆ ತಂದು ಇಡುತ್ತಿದ್ದರು. ಇಡಲು ಪಾತ್ರೆಗಳು ಮುಗಿದವು, ನೀರು ಮುಗಿಯಲಿಲ್ಲ. ನಾನು ಬೇಡವೆನ್ನಲೂ ಆಗದೆ, ತೆಗೆದುಕೊಳ್ಳಲೂ ಆಗದೆ ನಿಂತೆ. ಅಷ್ಟರಲ್ಲಿ ಆಫೀಸಿನಿಂದ ಬಂದ ಅಪ್ಪ ಗ್ಯಾಲರಿಯಿಂದಲೇ “ಸುಮಿ, ಅದು ಅಲ್ಲೇ ಇರಲಿ” ಎಂದರು.

ಅವ್ವ ನಮ್ಮ ಬಾಗಿಲಲ್ಲಿ ನಿಂತಿದ್ದಳು. ಇಡೀ ಮಾಳಿಗೆಗೆ ಕೇಳುವಂತೆ “ನಾಳೆ ನೀವು ನಿಂದರ್ರಿ ನೀರಿಗೆ. ಒಂದ ದಿನ ನಿಂತ ನೋಡ್ರಿ. ಆಮ್ಯಾಲೆ ನನ್ನನ್ನೂ ಯಾರಿಗರೆ ಕೊಟ್ಟು ಬರ್ರಿ” ಎಂದಳು.

ಅಪ್ಪ ನಿಂತರು. ಇಸ್ತ್ರಿ ಮಾಡಿದ ಅಂಗಿ ತೊಟ್ಟು, ಕೊನೆಯಲ್ಲಿ, ಯಾರ ಮುಖವನ್ನೂ ನೋಡದೆ. ಹೆಂಗಸರು ಅವರೆದುರು ಪಾದ ತಿಕ್ಕಿಕೊಳ್ಳಲು ಸಂಕೋಚಪಟ್ಟು ಬೈದುಕೊಂಡರು. ಅಪ್ಪನ ಸರದಿ ಬಂದು ಬಕೀಟು ತುಂಬುವ ಮೊದಲೇ ನೀರು ನಿಂತಿತು. ತಳದಲ್ಲಿ ನಾಲ್ಕು ಬೆರಳು ನೀರಿದ್ದ ಬಕೀಟನ್ನು ತಂದಿಟ್ಟು ಅವರು ಲೋಕಲ್ ಹಿಡಿಯಲು ಹೊರಟರು. ನಾನು ಮತ್ತೆ ಕೆಳಗಿನ ನಲ್ಲಿಗೆ ಹೋದೆ. ಅಂದಿಗೆ ಮೂರಾಯಿತು.

ಆ ವಾರವೇ ಹಸೀನಾ ಖಾಲಾ ತಾವಾಗಿ ಬಂದು, ತಮ್ಮ ಪಾಳಿಯಲ್ಲಿ ನಮ್ಮ ಒಂದು ಬಕೀಟೂ ತುಂಬಿಸಿಕೊಳ್ಳಬಹುದೆಂದು ಅವ್ವನಿಗೆ ಹೇಳಿದರು. ಸಾವಂತಬಾಯಿ ಗೊಣಗಿ ಒಪ್ಪಿದರು. ನೀರಿನ ತೊಂದರೆ ತೀರಿತು. ಸ್ಕಾಲರ್‌ಶಿಪ್ ತರಗತಿಯಲ್ಲಿ ನನ್ನ ಜಾಗಕ್ಕೆ ಮಾತ್ರ ಬೇರೆ ಹುಡುಗಿ ಬಂದು ಕುಳಿತಾಗಿತ್ತು.

ಹೆಸರು ತೆಗೆದ ದಿನ ನಾನು ಅಪ್ಪನಿಗಾಗಿ ಜಿನೆಯ ಮೆಟ್ಟಿಲ ಮೇಲೆ ಕಾದು ಕುಳಿತಿದ್ದೆ. ಏನು ಕೇಳಬೇಕೆಂದಿದ್ದೆನೋ ಗೊತ್ತಿಲ್ಲ. ಶಾಲೆಗೆ ಬಂದು ಗುರುಗಳ ಹತ್ತಿರ ಮಾತಾಡಲಿ ಎಂದಿರಬೇಕು. ಅಪ್ಪ ಚಪ್ಪಲಿ ಕೈಯಲ್ಲಿ ಹಿಡಿದು ಪೂರ್ತಿ ಕೇಳಿದರು. ನನ್ನ ತಲೆಯ ಮೇಲೆ ಕೈಯಿಟ್ಟು, ಪ್ರೀತಿಯಿಂದಲೇ ಹೇಳಿದರು:

“ಹೋಗಲಿ ಬಿಡವ್ವಾ. ಅದೂ ಒಂದು ಹೊರೆನೇ ಇತ್ತು.”

ಈ ಮಾತಿನ ಬಗ್ಗೆ ನನ್ನ ಮೂರೂ ದಿನಚರಿಗಳಲ್ಲಿ ಭೇದವಿಲ್ಲ.

ಸ್ಕಾಲರ್‌ಶಿಪ್ ಇಲ್ಲದೆಯೂ ನಾನು ಓದಿದೆ, ಎಂ.ಎ. ಮಾಡಿದೆ. ಹಾಗಿದ್ದರೆ ಕಳೆದುಕೊಂಡಿದ್ದೇನು ಎಂದು ಕೇಳಿಕೊಳ್ಳುತ್ತೇನೆ. ಚಾಳು ಕೆಡವಿ ಎತ್ತರದ ಬಿಲ್ಡಿಂಗ್ ಕಟ್ಟಿದ್ದಾರೆ, ಈಗ ಯಾರೂ ಯಾರ ಹಿಂದೆಯೂ ನಿಲ್ಲುವುದಿಲ್ಲ. ಅದಕ್ಕಾಗಿ ನಾನು ಹಂಬಲಿಸುವುದಿಲ್ಲ. ಎಲ್ಲ ಬಿಟ್ಟು ಹಗುರಾಗಬೇಕೆಂದು ಅಪ್ಪ ಬಯಸಿದ್ದು ತಪ್ಪೆಂದೂ ಹೇಳಲಾರೆ. ಉರುಳಾಡಿದ ನೆಲ ಸುಳ್ಳಲ್ಲ.

ನನಗೆ ಕಾಲೇಜಿನಲ್ಲಿ ಸೀಟು ಸಿಕ್ಕ ಸುದ್ದಿ ಅಪ್ಪನಿಗೆ ತಿಳಿದದ್ದು ಪಕ್ಕದ ಖೋಲಿಯವರಿಂದ. ಅಂದು ಊಟಕ್ಕೆ ಕುಳಿತಾಗ ರೊಟ್ಟಿ ಮುರಿಯುತ್ತ ಕೇಳಿದರು:

“ನನಗ ಯಾಕ ಹೇಳಲಿಲ್ಲ ಸುಮಿ?”

“ಮರತೆ ಅಪ್ಪಾ” ಎಂದೆ.

ಮರೆತಿರಲಿಲ್ಲ.