ಅವ್ವನ ಕನ್ನಡಕಕ್ಕೆ ನನ್ನ ಅಳತೆ

ಅವ್ವನಿಗೆ ಹೊಸ ಕನ್ನಡಕ ಬೇಕಿತ್ತು. ಮಡಿಕೇರಿಯ ಕಣ್ಣಿನ ಡಾಕ್ಟರು ಬರೆದುಕೊಟ್ಟ ಚೀಟಿ ಕೈಯಲ್ಲಿತ್ತು. ಅಂಗಡಿಗೆಂದು ಇನ್ನೊಮ್ಮೆ ಬಸ್ಸು ಹತ್ತುವ ತಾಳ್ಮೆ ನನಗಿರಲಿಲ್ಲ; ಸುಂಟಿಕೊಪ್ಪದ ಮನೆಯಲ್ಲೇ ಕೂತು ಫೋನಿನಲ್ಲಿ ಆರ್ಡರ್ ಮಾಡಲು ಹೊರಟೆ. ಪವರ್ ತುಂಬಿದ್ದಾಯಿತು. ಎರಡು ಕಣ್ಣುಗುಡ್ಡೆಗಳ ನಡುವಿನ ಅಂತರವೂ ಬೇಕು, ಅಳತೆ ಸಿಗಲು ಹಣೆಗೆ ಎಟಿಎಂ ಕಾರ್ಡ್ ಒತ್ತಿ ಹಿಡಿದು ಫೋಟೊ ತೆಗೆಯಿರಿ ಎಂದಿತು ಫೋನು.

ಅವ್ವ ಆಗಷ್ಟೇ ಪೂಜೆ ಮುಗಿಸಿ ಬಂದಿದ್ದಳು. ಹಣೆಯ ತುಂಬ ಮೂರೆಳೆ ವಿಭೂತಿ. ಕಾರ್ಡ್ ಹತ್ತಿರ ತಂದರೆ ಮುಖ ಹಿಂದಕ್ಕೆಳೆದುಕೊಂಡಳು.

"ಒಂದ್ ನಿಮಿಷ ಒರೆಸ್ಕೊಳವ್ವ, ಆಮೇಲೆ ಹಚ್ಕೊಂಡ್ರಾಯ್ತು."

"ಬ್ಯಾಡ ಕಣಪ್ಪ."

ನನಗೆ ರೇಗಿತು. ನೋಡಿದವರೆಲ್ಲ ತಾಯಿ ಮಗ ಒಂದೇ ಅಚ್ಚು ಅನ್ನುತ್ತಾರಲ್ಲ, ಕಣ್ಣಿನ ಅಂತರವೂ ಒಂದೇ ಇದ್ದೀತು ಎಂದುಕೊಂಡು ಕಾರ್ಡನ್ನು ನನ್ನ ಬೋಳು ಹಣೆಗೇ ಒತ್ತಿಕೊಂಡೆ. ಫೋಟೊ ತೆಗೆದು ಕಳಿಸಿಯೂಬಿಟ್ಟೆ.

ವಾರದೊಳಗೆ ಕನ್ನಡಕ ಬಂತು. ಹಾಕಿಕೊಂಡು ಅಕ್ಕಿ ಆರಿಸಲು ಕೂತ ಅವ್ವ ಹತ್ತೇ ನಿಮಿಷಕ್ಕೆ ತಲೆ ಹಿಡಿದುಕೊಂಡಳು. ತಪ್ಪು ನನ್ನದು, ಆದರೂ ಬೈದವನು ನಾನೇ: "ಅವತ್ತು ಒಂದ್ ಸಲ ಒರೆಸ್ಕೊಂಡಿದ್ರೆ ಏನಾಗ್ತಿತ್ತು ನಿಂಗೆ?"

ಅವ್ವ ಕನ್ನಡಕ ತೆಗೆದು, ಮಡಚಿ, ನನ್ನ ಕೈಗಿಟ್ಟಳು.

"ನಿಮ್ಮಪ್ಪ ಹೋದ್ ದಿನ ಬಳೆ ತೆಗೆದ್ರು, ಕುಂಕುಮ ಒರೆಸಿದ್ರು. ಈ ವಿಭೂತಿನ ಮಾತ್ರ ಯಾರೂ ಮುಟ್ಟಲಿಲ್ಲ. ಈಗ ನೀನ್ ಒರೆಸ್ಕೋ ಅಂತೀಯಲ್ಲಪ್ಪ."