ಪರದೆಯಕ್ಕನ ಚಪ್ಪಾಳೆ

ಇನ್ನೂ ಸರಿಯಾಗಿ ಬೆಳಕು ಹರಿದಿಲ್ಲ. ಪರದೆಯಕ್ಕ ತಮ್ಮದೇ ಮನೆಯ ಹಾಲ್ ನಡುವೆ ನಿಂತು ಚಪ್ಪಾಳೆ ತಟ್ಟುತ್ತಾರೆ. ಸದ್ದು ಗೋಡೆಯಿಂದ ಗೋಡೆಗೆ ಬಡಿದು ಗುಂಯ್‌ಗುಡುತ್ತದೆ. ಮತ್ತೊಮ್ಮೆ ತಟ್ಟಿದರೂ ಅದೇ ಕಥೆ. “ಇದೇನ್ರೀ ಇದು? ಊರವರ ಮನೆ ಗೋಡೆಗಳನ್ನೆಲ್ಲ ಸುಮ್ಮನಾಗಿಸಿದೋಳು ನಾನು. ನನ್ನ ಮನೆ ಗೋಡೆನೇ ನನಗೆ ಸೊಪ್ಪು ಹಾಕ್ತಿಲ್ವಲ್ಲ!” ಎಂದು ಗಂಡನ ಮುಖ ನೋಡುತ್ತಾರೆ.

ಪರದೆಯಕ್ಕ ಎನ್ನುವುದು ಬೀದಿಯವರು ಇಟ್ಟ ಹೆಸರು. ಪರದೆ ಹೊಲಿದು, ತಾವೇ ಏಣಿ ಹತ್ತಿ ತೂಗುಹಾಕುವುದು ಅವರ ಕಸುಬು. ಹಾಡು ಕಲಿಸುವ ಕೋಣೆ, ಮಕ್ಕಳ ತರಗತಿ, ಎಲ್ಲಿ ಸದ್ದು ಮರುದನಿಗೊಂಡು ಮಾತು ಕಲಸಿಹೋಗುತ್ತದೋ ಅಲ್ಲಿಗೆಲ್ಲ ಅವರಿಗೆ ಕರೆ ಬರುತ್ತದೆ. ದಪ್ಪ ಬಟ್ಟೆ ಬೇಕು, ಕಿಟಕಿಯ ಅಗಲದ ಎರಡರಷ್ಟು ಬೇಕು, ನೆರಿಗೆ ತುಂಬಿರಬೇಕು, ಗೋಡೆಯಿಂದ ನಾಲ್ಕು ಬೆರಳು ದೂರ ಇಳಿಬಿದ್ದಿರಬೇಕು. “ಬಟ್ಟೆ ಸದ್ದನ್ನ ಹೇಗೆ ನುಂಗುತ್ತೆ ಅಂತ ಮಾತ್ರ ಕೇಳ್ಬೇಡಿ. ನನಗೂ ಇವತ್ತಿನವರೆಗೆ ಅರ್ಥ ಆಗಿಲ್ಲ,” ಎನ್ನುತ್ತಾರೆ. ಅವರ ಮಂಡಿ ಏಣಿ ಹತ್ತಿ ಹತ್ತಿ ಸವೆದಿದೆ.

ಇಂದಿನ ಗೊಂದಲ ಬೇರೆ. ಮಾವನಿಗೆ ಕಿವಿ ಮಂದ, ಯಂತ್ರ ಹಾಕಿಕೊಳ್ಳುತ್ತಾರೆ. ಟೈಲ್ಸ್ ನೆಲದ, ಬೋಳು ಗೋಡೆಯ ಈ ಮನೆಗೆ ಬಂದಮೇಲೆ ಎಲ್ಲರ ಮಾತೂ ಅವರಿಗೆ ಕಲಸುಮೇಲೋಗರ. ಹಾಲ್‌ಗೆ ಬರುವುದನ್ನೇ ಬಿಟ್ಟು ಒಳಕೋಣೆಯಲ್ಲಿ ಒಬ್ಬರೇ ಉಣ್ಣುತ್ತಾರೆ. ಅವರನ್ನು ಮತ್ತೆ ಎಲ್ಲರ ನಡುವೆ ಕೂರಿಸಬೇಕೆಂದೇ ಅಕ್ಕ ನಿನ್ನೆ ಪರದೆ ಹಾಕಿದ್ದು, ಇಂದು ಚಪ್ಪಾಳೆ ತಟ್ಟಿ ಪರೀಕ್ಷಿಸಿದ್ದು.

“ಅಲ್ಲ ಕಣೇ, ಇದನ್ಯಾಕೆ ಜಡೆ ಥರ ಬಿಗಿದಿಟ್ಟಿದ್ದೀಯ?” ಗಂಡ ಕಿಟಕಿಯತ್ತ ಕೈ ತೋರಿಸುತ್ತಾರೆ. ಅಕ್ಕ ನಾಲಿಗೆ ಕಚ್ಚಿಕೊಳ್ಳುತ್ತಾರೆ. ನೆರಿಗೆ ಒಪ್ಪವಾಗಿ ಕೂರಲೆಂದು ಹೊಸ ಪರದೆಯನ್ನು ಒಂದೆರಡು ದಿನ ಪಟ್ಟಿಯಿಂದ ಕಟ್ಟಿಡುವುದು ಕಸುಬಿನ ರೂಢಿ. ಕೈ ತನ್ನ ಪಾಡಿಗೆ ತಾನು ಕಟ್ಟಿಬಿಟ್ಟಿದೆ, ಕಿಟಕಿ ಬೋಳಾಗಿಯೇ ಉಳಿದಿದೆ! “ಅಯ್ಯೋ ನನ್ನ ಬುದ್ಧಿಗಿಷ್ಟು!” ಎಂದು ಕಟ್ಟು ಬಿಚ್ಚಿ ಪರದೆಗಳನ್ನು ಉದ್ದಕ್ಕೂ ಎಳೆಯುತ್ತಾರೆ. ಚಪ್ಪಾಳೆ ಈಗ ಪಟ್ ಎಂದು ಅಲ್ಲೇ ಮುಗಿಯುತ್ತದೆ. ನಿಜವೋ ಭ್ರಮೆಯೋ ತಿಳಿಯದೆ ಮತ್ತೆರಡು ಸಲ ತಟ್ಟಿ ನೋಡುತ್ತಾರೆ.

ಮಾವನನ್ನು ಕೈಹಿಡಿದು ಕರೆತಂದು ಕೂರಿಸಿ, ಎಂದಿನಂತೆ ಗಂಟಲು ಹರಿಯುವ ಹಾಗೆ ಕೇಳುತ್ತಾರೆ: “ಮಾವಾ, ತಿಂಡಿ ಇಲ್ಲೇ ಕೊಡ್ಲಾ?”

“ಯಾಕಮ್ಮ ಹಾಗೆ ಕಿರುಚ್ತೀಯ? ನಾನೇನು ಕಿವುಡನಾ?”

ಅಕ್ಕನ ಕಣ್ಣು ತುಂಬುತ್ತದೆ. “ನನ್ನ ಹೊಲಿಗೆನ ಎಷ್ಟೋ ಜನ ಹೊಗಳಿದ್ದಾರೆ. ಹೀಗೆ ಬೈಸಿಕೊಂಡಿದ್ದು ಇದೇ ಮೊದಲು,” ಎಂದು ಸೆರಗಿನಿಂದ ಮುಖ ಒರೆಸಿಕೊಳ್ಳುತ್ತಾರೆ. “ದಿನಾ ಹೀಗೇ ಬೈಲಿ, ಸಾಕು.”