ಸೋಡಾ ಪೀಪಾಯಿಯ ನಳ

ಗಜೇಂದ್ರಗಡದ ಗುರುಸಂಗಪ್ಪ ಸಾವಕಾರರ ಬಣ್ಣದ ಮನೆಯಲ್ಲಿ ಗ್ಯಾನಪ್ಪನಿಗೂ ಅವನ ತಂಗಿಯ ಗಂಡ ದೇವಪ್ಪನಿಗೂ ಸೇರಿ ಒಂದೇ ಕೆಲಸ. ನೇಕಾರರ ಹಸಿ ನೂಲು ಬಣ್ಣ ಹಿಡಿಯಬೇಕಾದರೆ ಮೊದಲು ಕುದಿಯುವ ಸೋಡಾ ನೀರಿನಲ್ಲಿ ನೆನೆಯಬೇಕು. ಹಂಡೆಯಲ್ಲಿ ನೀರು ಕಾಯಿಸಿ, ಕಟ್ಟೆಯ ಮೇಲಿದ್ದ ಕಬ್ಬಿಣದ ಪೀಪಾಯಿಗೆ ಸುರಿದು, ನೂಲಿನ ಲಡಿಗಳನ್ನು ಮುಳುಗಿಸಿ, ಅವು ಹದವಾದ ಮೇಲೆ ಆ ನೀರನ್ನೆಲ್ಲ ಹೊರಗೆ ಚೆಲ್ಲಬೇಕು. ಪೀಪಾಯಿಯ ಬುಡಕ್ಕೆ ಹಾರೆ ಕೊಟ್ಟು ಒಬ್ಬ ಎತ್ತಿದರೆ, ಇನ್ನೊಬ್ಬ ಬಾಯಿ ಹಿಡಿದು ಗಟಾರದ ಕಡೆ ಬಾಗಿಸುತ್ತಿದ್ದ. ಹಾರೆ ಗ್ಯಾನಪ್ಪನದು, ಬಾಯಿ ದೇವಪ್ಪನದು. ಹಾಗೆಂದು ಯಾರೂ ಗೊತ್ತುಮಾಡಿರಲಿಲ್ಲ. ಮೊದಲ ದಿನ ಗ್ಯಾನಪ್ಪ ಹಾರೆಯ ಹತ್ತಿರ ನಿಂತಿದ್ದ, ಅಷ್ಟೆ.

ಮುಂಬೈ ಸರಕಾರ ಹೋಗಿ ಮೈಸೂರು ಸರಕಾರ ಬರುವ ಮುಂಚಿನ ಮಳೆಗಾಲ. ಕಟ್ಟೆಯ ಕಲ್ಲು ಪಾಚಿಗಟ್ಟಿತ್ತು. ಹಾರೆ ಜಾರಿತು. ಪೀಪಾಯಿ ದೇವಪ್ಪನ ಕಡೆಗೇ ಹೊರಳಿ, ಸೋಡಾ ನೀರು ಅವನ ಎರಡೂ ಕೈಗಳ ಮೇಲೆ ಮೊಣಕೈತನಕ ಸುರಿಯಿತು. ಕೂಗು ಕೇಳಿ ಓಡಿಬಂದ ಸಾವಕಾರರು ನೆಲದ ಮೇಲೆ ಒದ್ದಾಡುತ್ತಿದ್ದವನನ್ನು ದಾಟಿ ಪೀಪಾಯಿಯೊಳಗೆ ಹಣಿಕಿ ಹಾಕಿದರು.

“ನೂಲ ಏನಾತೋ?” ಎಂದರು.

ದೇವಪ್ಪ ರೋಣದ ದವಾಖಾನಿಯಿಂದ ಬರುವಾಗ ಅವನ ಬೆರಳುಗಳು ಒಳಕ್ಕೆ ಮಡಚಿಕೊಂಡು ನಿಂತಿದ್ದವು. ಕುಡಗೋಲು ಹಿಡಿಯಲು ಬಾರದು, ಸಲಿಕೆ ಹಿಡಿಯಲು ಬಾರದು. ಗ್ಯಾನಪ್ಪ ಕಾಲು ಹಿಡಿದ ಮೇಲೆ ಸಾವಕಾರರು ದೇವಪ್ಪನನ್ನು ಮತ್ತೆ ಒಳಗೆ ಬಿಟ್ಟುಕೊಂಡರು. ಅವನು ಪೀಪಾಯಿಯ ಬಾಯನ್ನು ಈಗ ಮಣಿಕಟ್ಟುಗಳಿಂದ ಅವಚಿ ಬಾಗಿಸುತ್ತಿದ್ದ. ಪ್ರತಿ ಸಲ ಹಾರೆ ಒತ್ತುವ ಮೊದಲು ಗ್ಯಾನಪ್ಪ ಕಟ್ಟೆಯ ಕಲ್ಲನ್ನು ಕಾಲಿನಿಂದ ಉಜ್ಜಿ ನೋಡುತ್ತಿದ್ದ.

ಪೀಪಾಯಿಗೆ ಕೆಳಗೊಂದು ನಳ ಕೂಡಿಸಿದರೆ ಯಾರೂ ಬಾಯಿ ಹಿಡಿಯುವುದು ಬೇಡ ಎಂದು ಅವನಿಗೆ ಹೊಳೆದದ್ದು ಆಗಲೇ. ಹಳೆ ಕಬ್ಬಿಣ ಮಾರುವ ಗೌಸುಸಾಬನ ಹತ್ತಿರ ಎಂಜಿನ್ನಿನ ಟಾಕಿಯಿಂದ ಬಿಚ್ಚಿದ ಹಿತ್ತಾಳೆಯ ನಳವೊಂದಿತ್ತು. ಅದನ್ನು ತಂದು, ಪೀಪಾಯಿಯ ಬುಡದ ಹತ್ತಿರ ಉಳಿಯಿಂದ ತೂತು ಕೊರೆದು, ತೊಗಲಿನ ಬಿಲ್ಲೆ ಹಾಕಿ ನಟ್ಟು ಬಿಗಿದ. ಸೋಡಾ ನೀರು ಬಿದ್ದೊಡನೆ ತೊಗಲು ಲೊಳಲೊಳ ಆಯಿತು. ತೂತಿನ ಸುತ್ತ ನೀರು ಇಳಿಯತೊಡಗಿತು. “ನೆಟ್ಟಗಿದ್ದ ಪೀಪಾಯಿ ಹಾಳ ಮಾಡಿದ್ಯಲ್ಲೋ ಬೋಳಿಮಗನ” ಎಂದು ಸಾವಕಾರರು ಕಾಲಿನ ಕೆರ ತೆಗೆದು ಅವನ ಬೆನ್ನಿಗೆ ಎರಡು ಕೊಟ್ಟರು.

ಏಟು ತಿಂದು ಅವನು ಅಲ್ಲೇ ಕುಳಿತು ಪೀಪಾಯಿಯನ್ನು ಸವರಿ ನೋಡಿದ. ಅದರ ಮೈ ದುಂಡಗೆ, ನಟ್ಟು ಚಪ್ಪಟೆ. ಎರಡೂ ಒಂದಕ್ಕೊಂದು ಕೂಡಿದ್ದೇ ಇಲ್ಲ. ಒಳಗೆ ಕಟ್ಟಿಗೆಯ ಕೊರಡು ಇಟ್ಟು, ಹೊರಗಿನಿಂದ ಸುತ್ತಿಗೆಯಿಂದ ಮೆಲ್ಲಗೆ ಬಡಿದು, ತೂತಿನ ಸುತ್ತ ಅಂಗೈಯಷ್ಟು ಜಾಗವನ್ನು ಸಪಾಟು ಮಾಡಿದ. ಲಾರಿಯ ಹಳೆ ಟ್ಯೂಬು ಕತ್ತರಿಸಿ ಒಳಗೊಂದು ಹೊರಗೊಂದು ರಬ್ಬರಿನ ಬಿಲ್ಲೆ ಕೊಟ್ಟ. ನಳದ ತಿರುಪಿನ ಸುತ್ತುಗಳಿಗೆ, ಅಗಸಿ ಎಣ್ಣೆಯಲ್ಲಿ ಕಲಸಿದ ಸಫೇತದ ಬಿಳಿ ಪುಡಿಯಲ್ಲಿ ನೆನೆಸಿದ ನೂಲು ಸುತ್ತಿ, ಎರಡೂ ಕಡೆ ನಟ್ಟು ಬಿಗಿದು, ಒಣಗಲು ಬಿಟ್ಟ. ಆಮೇಲೆ ನಳದ ಕೆಳಗೆ ಒಣಬೂದಿ ಹರವಿ, ಪೀಪಾಯಿ ತುಂಬ ಕುದಿನೀರು ಸುರಿದ. ಮಧ್ಯಾಹ್ನದ ಹೊತ್ತಿಗೂ ಬೂದಿಯ ಮೇಲೆ ಒಂದು ಚುಕ್ಕೆ ಬಿದ್ದಿರಲಿಲ್ಲ.

ಸಾವಕಾರರು ತಾವೇ ಬಗ್ಗಿ ಬೆರಳಾಡಿಸಿ ನೋಡಿದರು. “ಭಾಳ ಚಲೋ ಮಾಡೀ” ಎಂದರು. ಹುಟ್ಟಿದಾಗಿನಿಂದ ಗ್ಯಾನಪ್ಪನಿಗೆ ಯಾರೂ ಹಾಗೆ ಅಂದಿರಲಿಲ್ಲ. ಅವನ ಕಿವಿ ಬಿಸಿಯಾದವು.

“ಇನ್ನ ನಳ ತಿರುವಾಕ ಒಬ್ಬ ಸಾಕಲ್ಲ?” ಎಂದರು ಸಾವಕಾರರು. “ನಾಳಿಯಿಂದ ದೇವಪ್ಪ ಬರೂದ ಬ್ಯಾಡ.”

“ಅವಂಗ ಬ್ಯಾರೆ ಎಲ್ಲಿ ಕೆಲಸ ಸಿಗತೈತ್ರಿ, ಸಾವ್ಕಾರ್ರ? ಕೈ ನೋಡ್ರಿ ಹ್ಯಾಂಗದಾವು.”

“ಹಂಗಾದ್ರ ನೀ ಬಿಡು. ನಳ ತಿರುವಾಕ ಅವನ ಕೈನೂ ನಡೀತಾವು.”

ಗ್ಯಾನಪ್ಪ ಬಗ್ಗಿ ನಳದ ಕೆಳಗಿನ ಬೂದಿ ಬಳಿಯತೊಡಗಿದ. ಸಾವಕಾರರು ನಕ್ಕರು. “ನೀನ ಹೇಳಿಬಿಡು ಅವಂಗ” ಎಂದು ಒಳಗೆ ಹೋದರು.

ಸಂಜೆ ಗ್ಯಾನಪ್ಪ ಹೇಳಿದ. ತಾನು ಬಿಟ್ಟರೆ ಅವನನ್ನು ಇಟ್ಟುಕೊಳ್ಳುತ್ತೇನೆಂದು ಸಾವಕಾರರು ಅಂದದ್ದನ್ನು ಮಾತ್ರ ಹೇಳಲಿಲ್ಲ. ದೇವಪ್ಪ, “ಭಾವಾ, ನಟ್ಟ ಒಂದೀಟ ಸಡ್ಲ ಮಾಡು” ಎಂದ. “ನಳ ಸೋರಾಕತ್ತೈತ್ರಿ ಅಂತ ಹೇಳು. ಕಿತ್ತ ಒಗಿ ಅಂತಾರ. ಮೊದಲಿನಂಗ ಇಬ್ಬರೂ ಇರೂಣು.”

ಮರುದಿನ ಗ್ಯಾನಪ್ಪ ಎಲ್ಲರಿಗಿಂತ ಮೊದಲು ಬಂದು ನಟ್ಟಿಗೆ ಪಾನಾ ಹಚ್ಚಿದ. ಒಂದು ಅರ್ಧ ಸುತ್ತು ಸಾಕಿತ್ತು. ತಾನು ಸಪಾಟು ಮಾಡಿದ ಜಾಗ, ಅಂಚಿನಲ್ಲಿ ತುಸುವೇ ಹೊರಗೆ ಕಾಣುವ ರಬ್ಬರು, ಒಣಗಿ ಬಿಳಿ ಹರಳಿನಂತಾದ ಸಫೇತ. ನೋಡುತ್ತ ನಿಂತ. ಅದು ಸೋರುವುದನ್ನು ಕಣ್ಣಾರೆ ಕಾಣಲು ಅವನಿಗೆ ಮನಸ್ಸಾಗಲಿಲ್ಲ. ಪಾನಾ ತೆಗೆದು ಗೂಟಕ್ಕೆ ಸಿಕ್ಕಿಸಿದ.

ದೇವಪ್ಪ ದಿನಾ ಬಂದು ಬಣ್ಣದ ಮನೆಯ ಗೋಡೆಯ ಹೊರಗೆ, ಒಳಗಿನ ನೀರು ಹರಿದುಬರುವ ಗಟಾರದ ಕಲ್ಲಿನ ಮೇಲೆ ಕೂಡತೊಡಗಿದ. ಯಾರನ್ನೂ ಏನೂ ಬೇಡಲಿಲ್ಲ. ನೂಲು ತರುವ ನೇಕಾರರು ಅವನ ಕೈ ನೋಡಿ, ಆಮೇಲೆ ಸಾವಕಾರರ ಮುಖ ನೋಡುತ್ತಿದ್ದರು. ಅದನ್ನು ಸಾವಕಾರರಿಗೆ ಸಹಿಸಲಾಗಲಿಲ್ಲ. ಒಂದು ದಿನ ಪೀಪಾಯಿ ತುಂಬಿದಾಗ ಗ್ಯಾನಪ್ಪನ ಹಿಂದೆ ಬಂದು ನಿಂತರು.

“ನೀರ ಬಿಡು.”

“ಇನ್ನೂ ಕುದಿ ಆರಿಲ್ರಿ. ಗಟಾರದಾಗ ಅವ ಕಾಲ ಬಿಟಗೊಂಡ ಕುಂತಾನ್ರಿ.”

“ಅದಕ್ಕ ಬಿಡು ಅಂದೆ.”

ಕೂಗಿ ಹೇಳಬಹುದಿತ್ತು. ಗೋಡೆಯ ಆಚೆಗೇ ಇದ್ದ ಅವನು. ಕೆಮ್ಮಿದರೂ ಕೇಳಿಸುವಷ್ಟು ಹತ್ತಿರ. ಗ್ಯಾನಪ್ಪ ನಳ ತಿರುಗಿಸಿದ. ನೀರು ಒಂದೇ ಏಟಿಗೆ ಗಟಾರಕ್ಕೆ ನುಗ್ಗಿತು. ಹೊರಗಿನಿಂದ “ಯವ್ವಾ!” ಎಂಬ ಚೀರಾಟ ಕೇಳಿಸಿತು. ಆಮೇಲೆ ಏನೋ ದೊಪ್ಪನೆ ಬಿದ್ದ ಸಪ್ಪಳ. ಸಾವಕಾರರು ಎಲೆಅಡಿಕೆ ಬಾಯಿಗೆ ಹಾಕಿಕೊಂಡು ಹೋದರು. ಪೀಪಾಯಿ ಬರಿದಾಗುವವರೆಗೂ ಗ್ಯಾನಪ್ಪನ ಕೈ ನಳದ ಮೇಲೇ ಇತ್ತು.

ಮರುದಿನ ಬೆಳಿಗ್ಗೆ ತಂಗಿ ಕರಿಯವ್ವ ಅವನ ಮನೆಯ ಬಾಗಿಲಿಗೆ ಬಂದಳು. ಒಳಗೆ ಬಾ ಎಂದರೂ ಬರಲಿಲ್ಲ.

“ಅವ ಅಲ್ಲಿ ಕುಂತಿದ್ದು ನಿನಗ ಗೊತ್ತಿತ್ತೇನ, ಅಣ್ಣಾ?”

“ಸಾವ್ಕಾರ್ರು ಬಿಡು ಅಂದ್ರು.”

“ನಾ ಅದನ್ನ ಕೇಳಲಿಲ್ಲ.”

“ಗೊತ್ತಿತ್ತು.”

ಅವಳು ಬೆಂದ ಪಾದಗಳಿಗೆ ಬಾಳೆಎಲೆ ಸುತ್ತಿಕೊಂಡಿದ್ದ ಗಂಡನನ್ನು ಚಕ್ಕಡಿಯಲ್ಲಿ ಮಲಗಿಸಿಕೊಂಡು ಅಂದೇ ಅವನ ಊರು ಸವಡಿಗೆ ಹೊರಟುಹೋದಳು. ಪಾದ ಕೀವು ಹಿಡಿದು ದೇವಪ್ಪ ಆ ಚಳಿಗಾಲ ದಾಟಲಿಲ್ಲ. ಸುದ್ದಿ ಗ್ಯಾನಪ್ಪನಿಗೆ ಮುಟ್ಟಿದ್ದು ಮಣ್ಣಾದ ಮೇಲೆ, ಯಾರೋ ನೂಲಿನವರ ಬಾಯಿಂದ. ಸಾವಕಾರರು ಅದೇ ವಾರ ಇನ್ನೆರಡು ಪೀಪಾಯಿ ತರಿಸಿದರು. ಅವಕ್ಕೂ ಅವನೇ ನಳ ಕೂಡಿಸಿದ.

ಕೆಲವು ವರ್ಷಗಳ ಮೇಲೆ, ಸಾವಕಾರರ ನೂಲು ಮುಟ್ಟಿಸಲು ನರೇಗಲ್ಲಿಗೆ ಹೋದವನು ಸಂತೆಯೊಳಗೆ ಹಾಯ್ದು ಬರುತ್ತಿದ್ದ. ಕರಿಯವ್ವ ಗೋಣಿತಾಟಿನ ಮೇಲೆ ಹಕ್ಕರಿಕಿ ಪಲ್ಲೆಯ ಹಸಿ ಸೊಪ್ಪಿನ ಕಟ್ಟುಗಳನ್ನು ಹರವಿಕೊಂಡು ಕುಳಿತಿದ್ದಳು. ತಲೆ ಅರ್ಧ ಬೆಳ್ಳಗಾಗಿತ್ತು. ಅವನು ಎದುರಿಗೆ ಹೋಗಿ ನಿಂತ. ಅವಳು ತಲೆ ಎತ್ತಿ ಅವನನ್ನು ನೋಡಿದಳು. ಗುರುತು ಹತ್ತಿದ್ದು ಅವಳ ಕಣ್ಣಲ್ಲೇ ಕಾಣುತ್ತಿತ್ತು.

“ಎಷ್ಟ ಸೂಡ ಕೊಡ್ಲಿರಿ?” ಎಂದಳು.

ಅವನು “ಕರಿಯವ್ವಾ” ಎಂದ.

“ಲಗೂ ಹೇಳ್ರಿ. ಹಿಂದ ಮಂದಿ ನಿಂತಾರ.”

ಅವನು ಎರಡು ಬೆರಳು ತೋರಿಸಿ ಹೆಗಲಿನ ವಸ್ತ್ರ ಚಾಚಿದ. ಅವಳು ಎರಡು ಸೂಡು ಪಲ್ಲೆಯನ್ನು, ಕೈ ತಾಗದಂತೆ, ಮೇಲಿನಿಂದ ಹಾಕಿ, ಹಿಂದೆ ನಿಂತಿದ್ದ ಹೆಂಗಸಿನ ಕಡೆ ತಿರುಗಿದಳು.